ಮಾದರಿಗೆ ಕೊಟ್ಟ ರಕ್ತ

ಮಲ್ಲಂದೂರಿನ ಆಚೆಯ ಕಾಫಿ ತೋಟಗಳಲ್ಲಿ ನನ್ನನ್ನು ‘ಸೂಜಿಯವ್ರು’ ಎಂದು ಕರೆಯುತ್ತಿದ್ದರು. ನಾನು ಡಾಕ್ಟರಲ್ಲ, ಕಾಂಪೌಂಡರನೂ ಅಲ್ಲ. ಜನರ ಬೆರಳು ಚುಚ್ಚಿ ಒಂದು ತೊಟ್ಟು ರಕ್ತವನ್ನು ಗಾಜಿನ ಪಟ್ಟಿಗೆ ಇಳಿಸುವುದು, ಬಣ್ಣ ಹಾಕುವುದು, ಸೂಕ್ಷ್ಮದರ್ಶಕದಲ್ಲಿ ನೋಡಿ ಮಲೇರಿಯಾ ಇದೆಯೋ ಇಲ್ಲವೋ ಹೇಳುವುದು, ಇಷ್ಟೇ ನನ್ನ ಕೆಲಸ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಕೆಲವು ವರ್ಷ ಮುಂಚಿನ ಮಾತು. ಅಕ್ಕಪಕ್ಕದ ನಾಲ್ಕಾರು ತೋಟದವರು ಸೇರಿ ಒಂದು ಸಣ್ಣ ದವಾಖಾನೆ ಇಟ್ಟುಕೊಂಡಿದ್ದರು. ಡಾಕ್ಟರು ಚಿಕ್ಕಮಗಳೂರಿನಿಂದ ವಾರಕ್ಕೊಮ್ಮೆ ಬಂದು ಹೋಗುತ್ತಿದ್ದರು. ನಾನು ಅಲ್ಲೇ ಒಂದು ಕೋಣೆಯಲ್ಲಿದ್ದೆ.

ನಾನು ಕಡೂರು ಕಡೆಯ ಬಯಲುಸೀಮೆಯವನು. ನಮ್ಮ ಕಡೆಯವರಿಗೆ ಮಲೆನಾಡು ಎಂದರೆ ಚಳಿಜ್ವರ, ಬೇರೇನೂ ಅಲ್ಲ. ಹೊರಟಾಗ ನಮ್ಮ ತಾಯಿ ‘ಅಲ್ಲಿಯ ನೀರು ಕುಡಿಯಬೇಡ’ ಎಂದರು. ಜ್ವರ ಬರುವುದು ನೀರಿನಿಂದಲ್ಲ, ಸೊಳ್ಳೆಯಿಂದ ಎಂದು ಅಷ್ಟು ಹೊತ್ತಿಗೆ ತರಬೇತಿಯಲ್ಲಿ ಕಲಿತಿದ್ದೆ. ಆದರೂ ಮೊದಮೊದಲು ನೀರನ್ನು ಕಾಯಿಸಿಯೇ ಕುಡಿದೆ. ಕಲಿತದ್ದು ತಲೆಯಲ್ಲಿರುತ್ತದೆ, ತಾಯಿ ಹೇಳಿದ್ದು ಹೊಟ್ಟೆಯಲ್ಲಿರುತ್ತದೆ.

ಮುಂಗಾರಿಗೆ ಮುಂಚೆ ಒಂದು ಸಲ, ಮಳೆ ಹಿಂದೆಗೆದ ಮೇಲೆ ಇನ್ನೊಂದು ಸಲ ಆ ಬೆಟ್ಟಗಳಲ್ಲಿ ಜ್ವರ ಏಳುತ್ತಿತ್ತು. ಬೆಳಗಿನ ಮಸ್ಟರಿನಲ್ಲಿ ಹೆಸರು ಕೂಗಿದರೆ ಅರ್ಧ ಹೆಸರುಗಳಿಗೆ ಉತ್ತರ ಇರುತ್ತಿರಲಿಲ್ಲ. ಕೂಲಿಯವರು ವಾಸಿಸುವ ಉದ್ದನೆಯ ಲೈನುಗಳಲ್ಲಿ ಬಾಗಿಲು ಬಾಗಿಲಿಗೂ ಒಬ್ಬರು ಕಂಬಳಿ ಹೊದ್ದು ನಡುಗುತ್ತ ಕೂತಿರುತ್ತಿದ್ದರು. ಕ್ವಿನೈನ್ ಕೊಟ್ಟರೆ ಏಳುತ್ತಿದ್ದರು, ಮುಂದಿನ ಸಲ ಮತ್ತೆ ಮಲಗುತ್ತಿದ್ದರು. ತೋಟದ ಸಾವ್ಕಾರ್ರು ಇದನ್ನೂ ಕಾಂಡಕೊರಕ, ಎಲೆಯ ತುಕ್ಕು ರೋಗಗಳ ಜೊತೆಗೆ ಸೇರಿಸಿ, ಕಾಫಿ ಬೆಳೆಯುವವರ ಹಣೆಬರಹ ಎಂದು ಬಿಟ್ಟಿದ್ದರು.

ನಮ್ಮ ಡಾಕ್ಟರು ಹಾಗೆ ಬಿಡುವ ಪೈಕಿಯಲ್ಲ. ಅವರದು ಬೇರೆಯೇ ಲೆಕ್ಕ. ‘ನಮಗೆ ಬೇಕಾದವನು ಜ್ವರ ಬಂದವನಲ್ಲ, ಜ್ವರ ಕೊಡುವವನು’ ಎನ್ನುತ್ತಿದ್ದರು. ಇಬ್ಬರೂ ಒಬ್ಬರೇ ಆಗಿರಬೇಕಾಗಿಲ್ಲ ಎಂಬುದು ಅವರ ಮಾತಿನ ತಿರುಳು. ಚಳಿಯಲ್ಲಿ ನಡುಗುವವನ ರಕ್ತದಲ್ಲಿ ಸಣ್ಣ ಉಂಗುರದಂಥವು ಕಾಣುತ್ತವೆ. ಅವು ಅವನನ್ನು ಮಲಗಿಸುತ್ತವೆ, ಅಷ್ಟೆ. ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆದು ಇನ್ನೊಬ್ಬರಿಗೆ ದಾಟುವುದು ಬೇರೆ ರೂಪದ್ದು. ಅದು ಕುಡುಗೋಲಿನ ಹಾಗೆ ಬಾಗಿರುತ್ತದೆ. ಆ ಕುಡುಗೋಲು ಹೊತ್ತವನಿಗೆ ಏನೂ ಆಗುವುದಿಲ್ಲ. ಉಣ್ಣುತ್ತಾನೆ, ನಗುತ್ತಾನೆ, ಕೆಲಸಕ್ಕೆ ಹೋಗುತ್ತಾನೆ. ಮುಸ್ಸಂಜೆ ಸೊಳ್ಳೆ ಅವನನ್ನು ಕಚ್ಚಿ, ಕೆಲವು ದಿನ ಬಿಟ್ಟು ಪಕ್ಕದ ಮಗುವನ್ನು ಕಚ್ಚುತ್ತದೆ. ಕ್ವಿನೈನಿಗೆ ಈ ಕುಡುಗೋಲುಗಳು ಜಗ್ಗುವುದಿಲ್ಲ. ಅವುಗಳನ್ನು ಕೊಲ್ಲುವ ಒಂದು ಹೊಸ ಮಾತ್ರೆ ಆಗತಾನೆ ಬಂದಿತ್ತು. ಡಾಕ್ಟರು ಎಲ್ಲಿಂದಲೋ ಒಂದು ಸೀಸೆ ಸಂಪಾದಿಸಿದ್ದರು. ಎಲ್ಲರಿಗೂ ಹಂಚುವಷ್ಟಿರಲಿಲ್ಲ. ಇದ್ದಿದ್ದರೂ ಹಂಚುವ ಮದ್ದಲ್ಲ ಅದು, ಕೆಲವರಿಗೆ ತುಟಿ ನೀಲಿಯಾಗುತ್ತಿತ್ತು, ಕೆಲವರ ಮೂತ್ರ ಕಪ್ಪಾಗುತ್ತಿತ್ತು. ಬಸುರಿಯರಿಗಂತೂ ಕೊಡಲೇಬಾರದು. ಆದ್ದರಿಂದ ಕುಡುಗೋಲು ಹೊತ್ತವರು ಯಾರೆಂದು ಹುಡುಕಬೇಕು, ಅವರಿಗೆ ಮಾತ್ರ ಕೊಡಬೇಕು. ಹುಡುಕುವವನು ನಾನು.

ಮೊದಲು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹೊಟ್ಟೆ ಮುಟ್ಟಿ ನೋಡಿದೆವು. ಎಡ ಪಕ್ಕೆಲುಬಿನ ಕೆಳಗೆ ಗಟ್ಟಿಯಾಗಿ ಸಿಕ್ಕರೆ ಜ್ವರಗೆಡ್ಡೆ, ಮಲೇರಿಯಾದಿಂದ ಊದಿದ ಗುಲ್ಮ. ಒಂದು ತೋಟದ ಒಂದು ಲೈನಿನಲ್ಲಿ ಕೈಗೆ ಸಿಕ್ಕ ಮಗುವಿಗೆಲ್ಲ ಗೆಡ್ಡೆ ಇತ್ತು. ಕಚಗುಳಿ ಆಗುತ್ತದೆಂದು ನಗುತ್ತಿದ್ದ ಮಕ್ಕಳ ಹೊಟ್ಟೆಗಳು ಅವು. ಡಾಕ್ಟರು ಕೈ ಒರೆಸಿಕೊಂಡು ‘ಇಲ್ಲೇ ಎಲ್ಲೋ ಇದ್ದಾರೆ’ ಎಂದರು. ಕಳ್ಳ ಅಡಗಿರುವ ಮನೆ ಸಿಕ್ಕಿದ ಪೊಲೀಸನ ಗೆಲುವು ಅವರ ಮುಖದಲ್ಲಿತ್ತು.

ಆ ಲೈನಿನ ತುದಿಗೆ ಮಕ್ಕಳ ಮನೆ ಎಂದು ಒಂದು ಹೆಂಚಿನ ಕೊಟ್ಟಿಗೆ. ತಾಯಂದಿರು ತೋಟಕ್ಕೆ ಹೋದಾಗ ಎಳೆಯ ಮಕ್ಕಳನ್ನು ಅಲ್ಲಿ ಬಿಡುತ್ತಿದ್ದರು. ಅವನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಐವತ್ತರ ಆಸುಪಾಸಿನವಳು, ಎತ್ತರದ ಆಳು, ದೊಡ್ಡ ದನಿ. ಗಂಡ ನೆರಳಿನ ಮರದ ಕೊಂಬೆ ಸವರುವಾಗ ಬಿದ್ದು ಎಂದೋ ಸತ್ತಿದ್ದ. ಎರಡು ಮಕ್ಕಳನ್ನು ಎರಡು ಕಂಕುಳಲ್ಲಿ ಇಟ್ಟುಕೊಂಡು ಮೂರನೆಯದನ್ನು ಕಾಲಲ್ಲಿ ತೂಗುತ್ತಿದ್ದಳು. ಇಡೀ ಲೈನು ಮಲಗಿದರೂ ಆಕೆ ಮಲಗಿದ್ದನ್ನು ಯಾರೂ ಕಂಡಿರಲಿಲ್ಲ. ‘ಅವಳ ಮೈಗೆ ಜ್ವರ ಹತ್ತೋದಿಲ್ಲ, ಕಲ್ಲು ಕಣ್ರೀ’ ಎಂದು ಜನ ಹೆಮ್ಮೆಯಿಂದ ಹೇಳುತ್ತಿದ್ದರು. ಕಾಯಿಲೆಯ ಮಗುವನ್ನು ರಾತ್ರಿ ಯಾರು ಮಲಗಿಸಿಕೊಳ್ಳಬೇಕು ಎಂದರೆ ಆಕೆಯೇ. ಬಾಣಂತಿಯ ಹತ್ತಿರ ಯಾರು ಇರಬೇಕು ಎಂದರೂ ಆಕೆಯೇ.

ಆಕೆಯ ಒಬ್ಬಳೇ ಮಗಳನ್ನು ಕಳಸದ ಕಡೆಯ ತೋಟವೊಂದಕ್ಕೆ ಕೊಟ್ಟಿತ್ತು. ಆ ವರ್ಷ ಹೆರಿಗೆಗೆಂದು ತವರಿಗೆ ಬಂದಿದ್ದಳು. ಅದು ಎರಡನೆಯ ಬಸಿರು. ಮೊದಲನೆಯ ಗಂಡುಮಗು ಇದೇ ಲೈನಿನಲ್ಲಿ ಹುಟ್ಟಿ, ಬೋರಲು ಬೀಳುವ ಮೊದಲೇ ಜ್ವರದಲ್ಲಿ ಹೋಗಿತ್ತು. ಗಂಡನ ಮನೆಯಲ್ಲಿ ಬಾಣಂತನ ಮಾಡುವ ಹೆಂಗಸರಿರಲಿಲ್ಲ. ಅತ್ತೆ ತೀರಿಕೊಂಡಿದ್ದಳು, ಗಂಡ ಮತ್ತು ಮಾವ ಇಬ್ಬರೇ. ಹಾಗಾಗಿ ಈ ಸಲ ಮಗು ಉಳಿಯಬೇಕಾದರೆ ತಾಯಿಯ ಕೈಯಲ್ಲೇ ಹೆರಿಗೆಯಾಗಬೇಕು ಎಂದು ತಾಯಿ ಮಗಳಿಬ್ಬರೂ ನಿಶ್ಚಯಿಸಿಕೊಂಡಿದ್ದರು.

ರಕ್ತ ತೆಗೆದದ್ದು ಆಷಾಢದ ಮಳೆಯಲ್ಲಿ. ಆಗ ಜ್ವರ ತಗ್ಗಿರುತ್ತದೆ. ಆ ಹೊತ್ತಿನಲ್ಲೇ ಹೊತ್ತವರನ್ನು ಹಿಡಿದು ಮದ್ದು ಕೊಟ್ಟರೆ, ಮಳೆ ನಿಂತ ಮೇಲೆ ಹುಟ್ಟುವ ಸೊಳ್ಳೆಗೆ ಹೀರಲು ಏನೂ ಸಿಗುವುದಿಲ್ಲ ಎಂಬುದು ಡಾಕ್ಟರ ಉಪಾಯ. ಉಪಾಯ ಚೆನ್ನಾಗಿತ್ತು. ಅಪಾಯ ಏನಿದ್ದರೂ ನನ್ನ ಪಾಲಿಗೆ. ಮಳೆಯಲ್ಲಿ ಗಾಜು ಒಣಗುವುದಿಲ್ಲ. ಒಣಗಿತು ಎಂದು ಇಟ್ಟರೆ ಜಿರಲೆ ಬಂದು ರಕ್ತವನ್ನು ನೆಕ್ಕಿ ಗಾಜನ್ನು ತೊಳೆದಿಟ್ಟಂತೆ ಮಾಡಿ ಹೋಗುತ್ತದೆ. ಸೂಕ್ಷ್ಮದರ್ಶಕಕ್ಕೆ ಬಿಸಿಲು ಬೇಕು, ಬಿಸಿಲೋ ಆ ತಿಂಗಳಲ್ಲಿ ಮುಖ ತೋರಿಸಿ ಓಡಿಹೋಗುವ ನೆಂಟ.

ಗಂಡಸರೆಲ್ಲ ಮಸ್ಟರಿನ ಅಂಗಳದಲ್ಲೇ ಬೆರಳು ಕೊಟ್ಟರು. ಹೆಂಗಸರ ಸರದಿ ಬಂದಾಗ ಮೇಸ್ತ್ರಿ ಅಡ್ಡ ಬಂದ. ದಪ್ಪ ಹೊಟ್ಟೆಯ, ಯಾವಾಗಲೂ ಹೊಗೆಸೊಪ್ಪು ಅಗಿಯುವ ಆಸಾಮಿ. ‘ಬಸುರೇರು, ಬಾಣಂತೇರು ಅವ್ರೆ. ಮಳೇಲಿ, ಗಂಡಸ್ರ ಎದುರಿಗೆ ನಿಲ್ಲೋಕಾಗ್ತದಾ? ಸ್ಟೋರಿನ ಒಳಗೆ ಕೂರಿಸ್ತೀನಿ, ಕಿಟಕೀಲಿ ಕೈ ಚಾಚ್ತಾರೆ. ನಿಮಗೆ ಬೇಕಾದ್ದು ಬೆರಳು ತಾನೆ?’ ಎಂದ.

ಬೇಕಾದ್ದು ಬೆರಳೇ. ಸ್ಟೋರಿನ ಕಿಟಕಿ ಚಿಕ್ಕದು. ಕಾಫಿ ವರ್ತಕರ ಕಡೆಯವರು ಬಂದಾಗ ಪಾರ್ಚ್‌ಮೆಂಟ್ ಎಂಬ ಒಣಗಿಸಿದ ಕಾಫಿ ಬೀಜದ ಸ್ಯಾಂಪಲ್ ಪೊಟ್ಟಣಗಳನ್ನು ಅದರಿಂದಲೇ ಕೊಡುತ್ತಿದ್ದರು. ಮೇಸ್ತ್ರಿ ಒಳಗೆ ನಿಂತು ಒಂದೊಂದೇ ಹೆಸರು ಕೂಗಿದ. ಕಂಬಳಿಯ ಅಂಚಿನಿಂದ ಒಂದೊಂದೇ ಕೈ ಹೊರಬಂತು. ಎಲ್ಲವೂ ಗಿಡದ ಕರೆ ಹತ್ತಿದ ಒರಟು ಕೈಗಳು. ನಾನು ಸ್ಪಿರಿಟ್ಟಿನಲ್ಲಿ ಬೆರಳ ತುದಿ ಒರೆಸಿ ಚುಚ್ಚಿದೆ, ತೊಟ್ಟು ಇಳಿಸಿದೆ, ಗಾಜಿನ ಅಂಚಿನಲ್ಲಿ ಗುರುತು ಗೀಚಿದೆ. ಒಳಗೆ ಹೆಂಗಸರು ಕಿಸಿಕಿಸಿ ನಗುತ್ತಿದ್ದರು. ಬೆಳ್ಳಗಿನ ಹುಡುಗ ಸೂಜಿ ಹಿಡಿದು ನಿಂತದ್ದು ಕಂಡು ನಗುತ್ತಿದ್ದಾರೆ ಎಂದುಕೊಂಡೆ. ಆ ವಯಸ್ಸಿನಲ್ಲಿ ಹೆಂಗಸರ ನಗುವಿಗೆಲ್ಲ ನಾನೇ ಕಾರಣ ಎಂಬ ಭ್ರಮೆ ಇತ್ತು.

ಬಿಸಿಲು ಕಾದು ಕಾದು ನೋಡಿದ್ದಾಯಿತು. ಗಂಡಸರಲ್ಲಿ ಅಲ್ಲೊಬ್ಬ ಇಲ್ಲೊಬ್ಬ ಉಂಗುರದವರು ಸಿಕ್ಕರು. ಹೆಂಗಸರಲ್ಲಿ ಉಂಗುರವೂ ಕಡಿಮೆ. ಆದರೆ ಕೆಲವು ಗಾಜುಗಳಲ್ಲಿ ಕುಡುಗೋಲುಗಳು ಚೆಲ್ಲಿದ ಹಾಗೆ ಬಿದ್ದಿದ್ದವು. ನೇರಳೆ ಬಣ್ಣ, ಚೊಕ್ಕವಾದ ಬಾಗು, ನಡುವೆ ಕರಿಯ ಪುಡಿ. ಅಷ್ಟು ಸೊಗಸಾದವನ್ನು ತರಬೇತಿಯಲ್ಲೂ ಕಂಡಿರಲಿಲ್ಲ. ಹೆಸರು ನೋಡಿದರೆ ಎಲ್ಲರೂ ಬಸುರಿಯರು. ಮಕ್ಕಳ ಮನೆಯ ಹೆಂಗಸಿನ ಮಗಳೂ ಅವರಲ್ಲಿ ಒಬ್ಬಳು. ಮಕ್ಕಳ ಮನೆಯ ಹೆಂಗಸಿನ ಹೆಸರಿನ ಗಾಜು ಮಾತ್ರ ತೊಳೆದ ಹಾಗೆ ಶುದ್ಧವಾಗಿತ್ತು. ಕಲ್ಲು ಮೈ ಎಂದು ಜನ ಹೇಳುವುದು ಸುಳ್ಳಲ್ಲ ಎಂದುಕೊಂಡೆ.

ಡಾಕ್ಟರಿಗೆ ತೋರಿಸಿ, ‘ಇವೆಲ್ಲ ಅಕ್ಕತಂಗಿಯರ ಹಾಗಿವೆ ಸರ್, ಒಂದೇ ಥರ’ ಎಂದೆ. ಅವರು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಗರ್ಭಿಣಿಯರೇ ಈ ರೋಗದ ವಾಹಕರು ಎಂದು ಅಲ್ಲೇ ನಿಂತು ಒಂದು ಸಿದ್ಧಾಂತ ಕಟ್ಟಿದರು. ಆಮೇಲೆ ಅಪ್ಪಣೆ ಮಾಡಿದರು. ಬಸುರಿಯರಿಗೆ ಮಾತ್ರೆ ಕೊಡುವಂತಿಲ್ಲ. ಆದ್ದರಿಂದ ಮಳೆ ನಿಂತು ಸೊಳ್ಳೆ ಏಳುವ ಮುಂಚೆ ಅವರನ್ನೆಲ್ಲ ಲೈನಿನಿಂದ ಕಳಿಸಬೇಕು, ಹೆರಿಗೆಯಾದ ಮೇಲೆ ಮದ್ದು ತಿಂದು ಬರಲಿ. ಸಾವ್ಕಾರ್ರೂ ತಲೆಯಾಡಿಸಿದರು. ಉಳಿದವರಿಗೆ ಇದರಿಂದ ತೊಂದರೆಯಿರಲಿಲ್ಲ, ಹೇಗೂ ತವರಿಗೆ ಹೋಗುವವರು ಒಂದೆರಡು ತಿಂಗಳು ಮುಂಚೆ ಹೊರಡಬೇಕು, ಅಷ್ಟೆ. ಮಕ್ಕಳ ಮನೆಯ ಹೆಂಗಸಿನ ಮಗಳೊಬ್ಬಳಿಗೆ ತವರೇ ಇದು. ಆಕೆ ಹೋಗಬೇಕಾದದ್ದು ಕಳಸದ ಕಡೆಗೆ, ಹೆಂಗಸರಿಲ್ಲದ ಮನೆಗೆ. ಅಲ್ಲಿನ ಸೊಳ್ಳೆಗಳ ಚಿಂತೆ ನಮ್ಮ ಡಾಕ್ಟರಿಗಿರಲಿಲ್ಲ, ಅದು ಬೇರೆಯವರ ತೋಟ.

ಗಾಡಿ ಗೊತ್ತುಮಾಡಿದ್ದಾಯಿತು. ಮಾರನೆಯ ದಿನ ಹೊರಡಬೇಕು. ಆ ಬೆಳಿಗ್ಗೆ ಮಕ್ಕಳ ಮನೆಯ ಹೆಂಗಸು ಎಲೆ ಹೆಣೆದ ಗೊರಬು ಸೂಡಿಕೊಂಡು, ಮಳೆಯಲ್ಲಿ ತೊಯ್ದ ಸೆರಗನ್ನು ಹಿಂಡುತ್ತ ದವಾಖಾನೆಯ ಜಗಲಿಗೆ ಬಂದಳು.

‘ಸೂಜಿಯವ್ರೇ, ಆ ರಕ್ತ ನಂದು’ ಎಂದಳು.

‘ಯಾವ ರಕ್ತ?’

‘ಮಗಳ ಹೆಸ್ರಿಗೆ ಕೊಟ್ಟಿದ್ದು. ಉಳಿದ ಬಸುರೇರ ಹೆಸ್ರಿಗೆ ಕೊಟ್ಟಿದ್ದೂ ನಂದೇ. ಕಿಟಕೀಲಿ ಕೈ ಚಾಚಿದ್ದು ನಾನು. ಒಂದೊಂದ್ ಸಲ ಒಂದೊಂದ್ ಬೆರಳು.’

ಎಡಗೈ ಚಾಚಿ ತೋರಿಸಿದಳು. ಚುಚ್ಚಿದ ಗುರುತುಗಳೆಲ್ಲ ಎಂದೋ ಮಾಯ್ದಿದ್ದವು. ಆದರೂ ತೋರಿಸಿದಳು.

ನನಗೆ ಸಿಟ್ಟು ಬಂತು. ಬಿಸಿಲಿಗೆ ಕಾದು, ಜಿರಲೆಗಳ ಜೊತೆ ಹೋರಾಡಿ, ಕಣ್ಣು ಕೆಂಪು ಮಾಡಿಕೊಂಡು ನೋಡಿದ್ದೆಲ್ಲ ನೀರಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ‘ಯಾಕೆ ಹೀಗೆ ಮಾಡಿದ್ರಿ?’ ಎಂದು ಕೂಗಿದೆ.

‘ಬಸುರಿ ಮೈಯಿಂದ ರಕ್ತ ತೆಗೀಬಾರ್ದು ಮಾರಾಯ್ರೆ, ಅದು ಮಗೂನ ಪಾಲು. ಯಾರೂ ಕೈ ಕೊಡೋಕೆ ಒಪ್ಪಲಿಲ್ಲ. ಮೇಸ್ತ್ರಿ ಹೇಳಿದ್ರು, ನಿನ್ ಮೈಲಿ ಜ್ವರ ಇಲ್ಲ, ನೀನೇ ಕೊಡು, ಸ್ಯಾಂಪಲ್ ಚೆನ್ನಾಗಿರ್ಲಿ ಅಂತ.’

‘ಮತ್ತೆ ನಿಮ್ಮ ಹೆಸರಿಗೆ?’

‘ನನ್ ಹೆಸ್ರು ಕೂಗೋ ಹೊತ್ತಿಗೆ ಬೆರಳೆಲ್ಲ ಉರೀತಿತ್ತು. ಪಕ್ಕದ ಮನೆಯವಳು ಕೊಟ್ಳು. ಅವಳ ಸೊಸೆಗೆ ನಾನು ಕೊಟ್ಟಿದ್ನಲ್ಲ.’

ಆ ಸೀಮೆಯಲ್ಲಿ ಮುಯ್ಯಾಳು ಎಂಬ ಪದ್ಧತಿ ಇದೆ. ಇವತ್ತು ನೀನು ನನ್ನ ಗದ್ದೆಗೆ ಬಂದು ನಾಟಿ ಮಾಡು, ನಾಳೆ ನಾನು ನಿನ್ನ ಗದ್ದೆಗೆ ಬರುತ್ತೇನೆ. ಮಸ್ಟರಿನಲ್ಲೂ ಒಬ್ಬರು ತಡವಾದರೆ ಇನ್ನೊಬ್ಬರು ಅವರ ಹೆಸರಿಗೆ ಓಗೊಡುವುದು ವಾಡಿಕೆ. ರಕ್ತಕ್ಕೂ ಮುಯ್ಯಾಳು ಉಂಟು ಎಂದು ನನಗೆ ತರಬೇತಿಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಸ್ಯಾಂಪಲ್ ವಿಷಯವೂ ಹಾಗೆಯೇ. ಕಾಫಿ ಹಸನು ಮಾಡುವ ಚಿಕ್ಕಮಗಳೂರಿನ ವರ್ಕ್ಸಿಗೆ ಮಾದರಿ ಕಳಿಸುವಾಗ ತೋಟದ ಲೆಕ್ಕ ಬರೆಯುವ ರೈಟರು ಹೆಂಗಸರನ್ನು ಕೂರಿಸಿ ಒಂದೊಂದೇ ಬೀಜ ಆರಿಸುತ್ತಿದ್ದರು, ಒಡಕು, ಕಪ್ಪು, ಹುಳುಕು ಒಂದೂ ಇರದ ಹಾಗೆ. ಚೀಲದಲ್ಲಿ ಏನಾದರೂ ಇರಲಿ, ಪೊಟ್ಟಣದಲ್ಲಿ ಒಳ್ಳೆಯದಿರಬೇಕು. ಮಾದರಿ ಕೇಳಿದವರಿಗೆ ಇದ್ದುದರಲ್ಲಿ ಮೇಲಾದದ್ದನ್ನು ಕೊಡುವುದು ಅಲ್ಲಿಯವರಿಗೆ ಮೋಸವಲ್ಲ, ಮರ್ಯಾದೆ. ನಾನು ಲೈನಿನ ರಕ್ತದ ಮಾದರಿ ಕೇಳಿದೆ. ಅವರು ತಮ್ಮಲ್ಲಿದ್ದ ಅತ್ಯುತ್ತಮ ರಕ್ತವನ್ನು ಆರಿಸಿ ಕೊಟ್ಟಿದ್ದರು.

ಆಕೆ ತಪ್ಪೊಪ್ಪಿಕೊಳ್ಳಲು ಬಂದಿದ್ದಾಳೆ ಎಂದು ತಿಳಿದಿದ್ದೆ. ಹಾಗಿರಲಿಲ್ಲ. ಆಕೆ ವಾದ ಮಾಡಲು ಬಂದಿದ್ದಳು.

‘ನಂದು ಅಂದ್ಮೇಲೆ ಅದ್ರಲ್ಲಿ ಜ್ವರ ಇರೋಕೆ ಸಾಧ್ಯವೇ ಇಲ್ಲ. ನಿಮ್ ಗಾಜು ಸುಳ್ಳು ಹೇಳ್ತದೆ. ಡಾಕ್ಟ್ರಿಗೆ ಹೇಳಿ, ಗಾಡಿ ಬ್ಯಾಡ ಅನ್ನಿ. ಅಲ್ಲಿ ಅವಳಿಗೆ ಒಂದು ಚೊಂಬು ಬಿಸಿನೀರು ಕೊಡೋರಿಲ್ಲ.’

ಆಕೆಯ ಬೆರಳು ಹಿಡಿದು ಮತ್ತೆ ಚುಚ್ಚಿದೆ. ಗಾಜನ್ನು ಒಲೆಯ ಹತ್ತಿರ ಒಣಗಿಸಿ ಬಣ್ಣ ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಮೋಡ ಸ್ವಲ್ಪ ಸರಿಯಿತು. ಆಕೆ ಅಲ್ಲಿಯವರೆಗೆ ಜಗಲಿಯಲ್ಲಿ ಕೂತೇ ಇದ್ದಳು. ಕನ್ನಡಿ ತಿರುಗಿಸಿ ಬೆಳಕು ಹಿಡಿದು ಕಣ್ಣಿಟ್ಟೆ. ಹುಡುಕುವ ಕಷ್ಟವೇ ಇರಲಿಲ್ಲ, ನೋಡಿದ ಕಡೆಯೆಲ್ಲ ಕುಡುಗೋಲು. ಗುರುತಿನವರನ್ನು ಸಂತೆಯಲ್ಲಿ ಕಂಡಂತೆ ಅವು ಕಂಡವು.

ಆಕೆಗೂ ನೋಡಬೇಕಿತ್ತು. ಬಗ್ಗಿ ಕಣ್ಣಿಟ್ಟಳು. ರೂಢಿಯಿಲ್ಲದವರಿಗೆ ಅದರಲ್ಲಿ ತಮ್ಮದೇ ರೆಪ್ಪೆಯ ಕೂದಲು ಬಿಟ್ಟು ಬೇರೇನೂ ಕಾಣುವುದಿಲ್ಲ. ‘ಎಂತದೂ ಇಲ್ಲ’ ಎಂದಳು. ನಾನು ಒಂದು ಕಾಗದದ ಮೇಲೆ ಅದರ ಆಕಾರ ಬರೆದು ತೋರಿಸಿದೆ. ಹೇಳಬೇಕಾದ್ದನ್ನೆಲ್ಲ ಹೇಳಿದೆ. ಇದು ಇದ್ದವರಿಗೆ ಏನೂ ಆಗುವುದಿಲ್ಲ ಎಂದೆ. ಸೊಳ್ಳೆ ಇವರಿಂದ ತೆಗೆದುಕೊಂಡು ಹತ್ತಿರ ಮಲಗಿದವರಿಗೆ ಕೊಡುತ್ತದೆ, ಮಕ್ಕಳಿಗೆ ಬೇಗ ಹತ್ತುತ್ತದೆ ಎಂದೆ. ಮಗಳು ಹೋಗಬೇಕಾಗಿಲ್ಲ, ಅವಳ ರಕ್ತವನ್ನು ಬೇರೆ ತೆಗೆದು ನೋಡುತ್ತೇನೆ, ಆದರೆ ನೀವು ಮಾತ್ರೆ ತಿನ್ನಬೇಕು ಎಂದೆ. ಪಾಠ ಒಪ್ಪಿಸಿದ ಹಾಗೆ ಹೇಳಿದೆ.

ಆಕೆ ಆ ಕಾಗದವನ್ನು ತುಂಬ ಹೊತ್ತು ನೋಡಿದಳು. ಆ ದೊಡ್ಡ ದನಿ ಎಲ್ಲಿ ಹೋಯಿತೋ, ಮೆಲ್ಲಗೆ ಕೇಳಿದಳು.

‘ಹಂಗಾದ್ರೆ ಆ ಮೊದಲ್ನೇ ಮಗು? ಅದು ನನ್ ಪಕ್ಕದಲ್ಲೇ ಮಲಗ್ತಿತ್ತು.’

ಸೊಳ್ಳೆ ಯಾರಿಂದ ಯಾರಿಗೆ ತಂದಿತು ಎಂದು ಹೇಳುವ ಪರೀಕ್ಷೆ ಆಗ ಇರಲಿಲ್ಲ. ಆಕೆಯ ಮೈಯಲ್ಲಿ ಆಗಲೇ ಕುಡುಗೋಲು ಇತ್ತೆ ಎಂದೂ ಹೇಳುವಂತಿರಲಿಲ್ಲ. ‘ಅದನ್ನ ಗಾಜು ಹೇಳೋದಿಲ್ಲ’ ಎಂದೆ. ನಿಜವನ್ನೇ ಹೇಳಿದೆ. ಇಲ್ಲ ಎಂದು ಒಂದು ಮಾತು ಹೇಳಿಬಿಟ್ಟಿದ್ದರೆ ಆಗುತ್ತಿತ್ತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ, ಆದರೆ ಆಕೆ ನಂಬುತ್ತಿರಲಿಲ್ಲ. ನನಗೆ ಆಕೆಯ ಮುಖ ನೋಡಲಾಗಲಿಲ್ಲ. ಗಾಜುಗಳನ್ನು ಸುಮ್ಮನೆ ಒರೆಸುತ್ತ ನಿಂತೆ.

ಗಾಡಿ ನಿಂತಿತು. ಡಾಕ್ಟರ ಸಿದ್ಧಾಂತವೂ ನಿಂತಿತು. ಅವರು ಮೇಸ್ತ್ರಿಯನ್ನು ಕರೆಸಿ ಬಾಯಿಗೆ ಬಂದ ಹಾಗೆ ಬೈದರು. ಮೇಸ್ತ್ರಿ ಹೊಗೆಸೊಪ್ಪು ಉಗಿದು ಬಂದು, ‘ಸ್ಯಾಂಪಲ್ ಅಂದ್ಮೇಲೆ ಒಳ್ಳೇದ್ನೇ ತಾನೆ ಸ್ವಾಮಿ ಕೊಡೋದು? ಹುಳುಕು ಆರ್ಸಿ ಕೊಡ್ತಾರಾ ಯಾರಾದ್ರೂ?’ ಎಂದು ನಿಜವಾಗಿಯೂ ಅರ್ಥವಾಗದೆ ಕೇಳಿದ. ಸಾವ್ಕಾರ್ರು ಕೆಮ್ಮಿದರು. ಅವರ ಪೊಟ್ಟಣಗಳೂ ಅದೇ ಕಿಟಕಿಯಿಂದ ಹೋಗುತ್ತಿದ್ದವಲ್ಲ. ಬಸುರಿಯರೂ ಸೇರಿ ಇಡೀ ಲೈನಿನ ರಕ್ತವನ್ನು ಈ ಸಲ ಮುಖ ನೋಡಿ ತೆಗೆದೆ. ಮಗಳು ಅಳುತ್ತ ಕೈ ಕೊಟ್ಟಳು. ‘ಕೊಡು, ಒಂದು ತೊಟ್ಟಿಗೆ ಮಗು ಸಾಯೋದಿಲ್ಲ’ ಎಂದು ಗದರಿದವಳು ತಾಯಿಯೇ. ಮಗಳ ರಕ್ತದಲ್ಲಿ ಏನೂ ಇರಲಿಲ್ಲ.

ಅಂದೇ ತಾಯಿ ತನ್ನ ಚಾಪೆ, ಪಾತ್ರೆ ಎತ್ತಿಕೊಂಡು ಲೈನಿನಿಂದ ದೂರದ, ಕಾಫಿ ಹಣ್ಣು ಸುಲಿಯುವ ಪಲ್ಪರ್ ಮನೆಗೆ ಹೋದಳು. ಕುಯ್ಲು ಶುರುವಾಗುವ ತನಕ ಅಲ್ಲಿ ಯಾರೂ ಇರುವುದಿಲ್ಲ. ಹೋಗೆಂದು ಯಾರೂ ಹೇಳಿರಲಿಲ್ಲ. ಡಾಕ್ಟರು ಒಂದು ಸೊಳ್ಳೆಪರದೆ ಕೊಟ್ಟರೆ ಅದನ್ನು ಮಗಳಿಗೆ ಕೊಟ್ಟುಬಂದಳು. ದಿನಾ ಬೆಳಿಗ್ಗೆ ನಾನು ಮಾತ್ರೆ ತೆಗೆದುಕೊಂಡು ಹೋಗಿ, ತುಟಿ ನೋಡಿ, ಮೂತ್ರದ ಬಣ್ಣ ಕೇಳಿ ಬರುತ್ತಿದ್ದೆ. ತುಟಿ ನೀಲಿಯಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಮುದುಡಿ ಕೂತಿರುತ್ತಿದ್ದಳು, ಅಷ್ಟೆ. ಜ್ವರಕ್ಕೆ ಮಲಗದವಳು ಮದ್ದಿಗೆ ಮಲಗಿದಳು. ಮಕ್ಕಳ ಮನೆಗೆ ಬೇರೊಬ್ಬಳು ಬಂದಳು. ಲೈನಿನವರು ಆಕೆಯನ್ನು ದೂರಲಿಲ್ಲ, ಬೈಯಲಿಲ್ಲ. ಆದರೆ ಕಾಯಿಲೆಯ ಮಗುವನ್ನು ಮಲಗಿಸಿಕೊಳ್ಳಲು ಯಾರೂ ಕರೆಯಲೂ ಇಲ್ಲ.

ಮಾತ್ರೆ ಮುಗಿದ ಮೇಲೆ ರಕ್ತ ತೆಗೆದೆ. ಶುದ್ಧ. ಬಿಟ್ಟು ಬಿಟ್ಟು ಮತ್ತೆ ನೋಡಿದೆ, ಆಗಲೂ ಶುದ್ಧ. ಡಾಕ್ಟರು ತಾವೇ ಕಣ್ಣಿಟ್ಟು ನೋಡಿ, ‘ಮನೆಗೆ ಹೋಗಲಿ’ ಎಂದರು. ನಾನು ಓಡಿಹೋಗಿ ಹೇಳಿದೆ. ಒಳ್ಳೆಯ ಸುದ್ದಿ ಹೇಳುವ ಅವಕಾಶ ನನ್ನ ಉದ್ಯೋಗದಲ್ಲಿ ಅಪರೂಪ. ‘ಆಗ್ಲಿ’ ಎಂದಳು. ಅಂದಿನಿಂದ ದಿನಾ ಬಿಸಿಲೇರಿದ ಮೇಲೆ ಲೈನಿಗೆ ಬರುತ್ತಿದ್ದಳು. ಮಗಳಿಗೆ ನೀರು ಹಾಕುತ್ತಿದ್ದಳು, ಅಡಿಗೆ ಮಾಡಿಡುತ್ತಿದ್ದಳು, ಬೆನ್ನು ನೀವುತ್ತಿದ್ದಳು. ಸೊಳ್ಳೆ ಕಚ್ಚುವುದು ಯಾವ ಹೊತ್ತಿನಲ್ಲಿ ಎಂದು ನನ್ನನ್ನು ಕೇಳಿ ತಿಳಿದುಕೊಂಡಿದ್ದಳು. ಹೊತ್ತು ಇಳಿಯುತ್ತಲೇ ಎದ್ದು ಪಲ್ಪರ್ ಮನೆಗೆ ಹೋಗಿಬಿಡುತ್ತಿದ್ದಳು.

ಮಳೆ ನಿಂತು, ಸಂಜೆಯ ಗಾಳಿ ತಣ್ಣಗಾದ ದಿನಗಳಲ್ಲಿ ಮಗಳಿಗೆ ನೋವು ಬಂತು. ಬಂದದ್ದು ಮಧ್ಯಾಹ್ನ. ನಾನು ಕೆಳಗಿನ ತೊರೆಯ ಅಂಚಿನಲ್ಲಿ ಸೊಳ್ಳೆಮರಿ ಹುಡುಕಿಕೊಂಡು, ಸಂಜೆ ಲೈನಿನ ದಾರಿಯಲ್ಲಿ ವಾಪಸು ಬರುತ್ತಿದ್ದೆ. ಎದುರಿಗೆ ಆಕೆ ಬರುತ್ತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು, ಮೊಣಕೈವರೆಗೆ ಎಣ್ಣೆ. ಹೆರಿಗೆಯ ಮನೆಯಿಂದ ಎದ್ದು ಬಂದಿದ್ದಾಳೆ ಎಂದು ನೋಡಿದರೇ ಗೊತ್ತಾಗುತ್ತಿತ್ತು.

‘ಆಯ್ತಾ?’ ಎಂದೆ.

‘ಇನ್ನೂ ಇಲ್ಲ. ಪಕ್ಕದ ಮನೆಯವಳು ಅವ್ಳೆ.’

‘ಮತ್ತೆ ನೀವು ಎಲ್ಲಿಗೆ?’

‘ಹೊತ್ತು ಮುಳುಗ್ತದೆ.’

ಹಿಂದಿನಿಂದ ಮಗಳ ಕೂಗು ಕೇಳುತ್ತಿತ್ತು. ‘ಅವ್ವಾ’ ಎಂದು ಕೂಗುತ್ತಿದ್ದಳು. ಆ ದಾರಿಯಲ್ಲಿ ಇನ್ನಾರೂ ಇರಲಿಲ್ಲ. ನನಗೆ ತಡೆಯಲಾಗಲಿಲ್ಲ, ‘ನಿಮ್ಮ ರಕ್ತದಲ್ಲಿ ಏನೂ ಇಲ್ಲ. ನಾನು ನೋಡಿದೀನಿ, ಡಾಕ್ಟರು ನೋಡಿದಾರೆ. ವಾಪಸು ಹೋಗಿ’ ಎಂದು ಗದರಿಸಿಯೇ ಹೇಳಿದೆ.

‘ಇಲ್ಲ ಅಂತೀರಿ. ನಾನೂ ಒಪ್ತೀನಿ ಸೂಜಿಯವ್ರೇ. ಆದ್ರೆ ಆ ಸಲ ನನ್ ಮೈಯೂ ಹಂಗೇ ಹೇಳಿತ್ತಲ್ಲ, ಏನೂ ಇಲ್ಲ ಅಂತ.’

ನನ್ನ ಗಾಜು ನೋಡಿದ್ದು ಹೋದ ವಾರದ ರಕ್ತವನ್ನು. ಈ ವಾರಕ್ಕೆ ಅದು ಜಾಮೀನು ನಿಲ್ಲುವುದಿಲ್ಲ. ಅದು ಆಕೆಗೆ ಗೊತ್ತಿತ್ತೋ ಇಲ್ಲವೋ, ನನಗೆ ಗೊತ್ತಿತ್ತು. ಆಕೆ ನನ್ನನ್ನು ದಾಟಿ, ಕೂಗು ಕೇಳಿದಾಗಲೆಲ್ಲ ಒಂದು ಗಳಿಗೆ ನಿಂತು, ಮತ್ತೆ ನಡೆದು, ಪಲ್ಪರ್ ಮನೆಯ ತಿರುವಿನಲ್ಲಿ ಮರೆಯಾದಳು.

ಮಗು ಹುಟ್ಟಿದ್ದು ದೀಪ ಹಚ್ಚಿದ ಸ್ವಲ್ಪ ಹೊತ್ತಿಗೆ. ಹೆಣ್ಣು, ಗಟ್ಟಿಯಾಗಿ ಅತ್ತಿತಂತೆ. ಸುದ್ದಿ ಹೇಳಲು ಯಾರೋ ಪಲ್ಪರ್ ಮನೆಗೆ ಓಡಿದರು. ಆಕೆ ಬಾಗಿಲಲ್ಲೇ ನಿಂತು ಕೇಳಿ, ‘ಉಸಿರಾಟ ಸರಿಯಾಗಿದೆಯಾ, ಪರದೆ ಕಟ್ಟಿದೀರಾ’ ಎಂದು ವಿಚಾರಿಸಿ ಕಳಿಸಿದಳಂತೆ. ಮಾರನೆಯ ಬೆಳಿಗ್ಗೆ ನಾನು ಲೈನಿಗೆ ಹೋದಾಗ ಆಕೆ ಅಂಗಳದಲ್ಲಿ, ಬಿಸಿಲು ಚೆನ್ನಾಗಿ ಬಿದ್ದ ಜಾಗ ನೋಡಿ ಕೂತು, ಮೊಮ್ಮಗಳನ್ನು ಮೊದಲ ಸಲ ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು.